ಅವ್ವ ಯಾಕೆ ಹೊರಳಿ ಹೋದಳು

ಬನಹಟ್ಟಿಯ ಆ ಸ್ಟುಡಿಯೋ ಒಂದು ಬಟ್ಟೆ ಅಂಗಡಿಯ ಮೇಲಿತ್ತು. ಮೆಟ್ಟಿಲು ಎಷ್ಟು ಕಡಿದಾಗಿತ್ತೆಂದರೆ, ಮುಧೋಳದಿಂದ ಬರುತ್ತಿದ್ದ ನಿವೃತ್ತ ಮಾಸ್ತರರು ನಡುವೆ ಒಮ್ಮೆ ನಿಂತು, ಕೆಳಗಿನ ಅಂಗಡಿಯವನ ಜೊತೆ ಎರಡು ಮಾತಾಡಿ, ಉಸಿರು ಸರಿಹೋದ ಮೇಲೆ ಉಳಿದದ್ದನ್ನು ಹತ್ತುತ್ತಿದ್ದರು. ಮೇಲೆ ಒಂದೇ ಕೋಣೆ. ಗೋಡೆಗೆ ಜಲಪಾತದ ಪರದೆ, ಮೂಲೆಯಲ್ಲಿ ಮದುಮಕ್ಕಳನ್ನು ಕೂರಿಸುವ ಕೆಂಪು ಮಖಮಲ್ಲಿನ ಕುರ್ಚಿ. ಸುತ್ತಲಿನ ಓಣಿಗಳ ಪವರ್‌ಲೂಮ್ ಸದ್ದು ಕಿಟಕಿ ಮುಚ್ಚಿದರೂ ಒಳಗೆ ಬರುತ್ತಿತ್ತು. ಕರೆಂಟು ಹೋದಾಗ ಮಾತ್ರ ಊರೆಲ್ಲ ತಟ್ಟನೆ ಮೌನವಾಗಿ, ನಾವು ಗಟ್ಟಿಯಾಗಿ ಮಾತಾಡುತ್ತಿದ್ದೇವೆಂಬುದು ನಮಗೇ ಗೊತ್ತಾಗುತ್ತಿತ್ತು.

ನಾವು ನಾಲ್ಕು ಜನ. ಸ್ಟುಡಿಯೋದ ಮಾಲೀಕರು, ನಮಗೆಲ್ಲ ಸ್ಟುಡಿಯೋ ಅಣ್ಣ, ವರ್ಷವಿಡೀ ಮದುವೆಗಳ ವಿಡಿಯೋ ತೆಗೆದು ಬೇಸತ್ತವರು. ಹೊಸದೊಂದು ಕ್ಯಾಮೆರಾ ಕೊಂಡಿದ್ದರು. ಅದರಲ್ಲಿ ಸಿನಿಮಾದಂಥ ಚಿತ್ರ ಬರುತ್ತದೆಂದು ಗೊತ್ತಾದಾಗಿನಿಂದ ಹತ್ತು ನಿಮಿಷದ್ದಾದರೂ ಒಂದು ಸ್ವಂತ ಚಿತ್ರ ಮಾಡಬೇಕೆಂಬ ಹಟ ಅವರಿಗೆ ಹಿಡಿದಿತ್ತು. ಮಾಸ್ತರರು ಸಾಲಿಯ ವಾರ್ಷಿಕ ಗ್ಯಾದರಿಂಗಿಗೆ ನಾಟಕ ಬರೆದು ಬರೆದು ಕೈ ಪಳಗಿಸಿಕೊಂಡವರು. ಮೂರನೆಯವರು ರಬಕವಿಯ ಒಬ್ಬ ವಕೀಲರು, ಹೆಣ್ಣುಮಗಳು, ಜಮಖಂಡಿ ಕೋರ್ಟಿನಲ್ಲಿ ಪ್ರಾಕ್ಟೀಸು. ನಾಲ್ಕನೆಯವಳು ನಾನು. ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆತಂದು ಅಲ್ಲೇ ಬಾಡಿಗೆ ಮನೆಯಲ್ಲಿದ್ದೆ.

ಭಾನುವಾರ ಬೆಳಿಗ್ಗೆ ಸೇರುವುದು, ಒಬ್ಬರು ಒಂದು ಕಥೆ ಹೇಳುವುದು, ಉಳಿದವರು ಅದರ ಬಗ್ಗೆ ತಮಗನಿಸಿದ್ದನ್ನು ಹೇಳುವುದು. ಸ್ಟುಡಿಯೋ ಅಣ್ಣ ಇದನ್ನು 'ಪಿಚಿಂಗ್' ಎನ್ನುತ್ತಿದ್ದರು. ಮೊದಮೊದಲು ಅದು ಜಗಳವೇ ಆಗುತ್ತಿತ್ತು. ಯಾರಾದರೂ ಒಂದು ತಪ್ಪು ತೋರಿಸಿದರೆ ಹೇಳಿದವರು ಕೂಡಲೇ ಎದ್ದು ವಾದಿಸುತ್ತಿದ್ದರು. ಕೊನೆಗೆ ವಕೀಲರು ಒಂದು ನಿಯಮ ಮಾಡಿದರು. ಕಥೆ ಹೇಳಿದವರು ಹೇಳಿ ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರಬೇಕು, ಎಲ್ಲರ ಮಾತು ಮುಗಿಯುವ ತನಕ ಒಂದು ಅಕ್ಷರವೂ ಉತ್ತರ ಕೊಡಬಾರದು. ಕೋರ್ಟಿನಲ್ಲಿ ದಿನವಿಡೀ ಉತ್ತರ ಕೇಳಿ ಕೇಳಿ ಸಾಕಾಗಿದೆ, ಇಲ್ಲಿ ಪ್ರಶ್ನೆಗಳಷ್ಟೇ ಇರಲಿ ಎಂದರು.

ಆ ನಿಯಮ ಕೆಲಸ ಮಾಡಿತು. ಮಾಸ್ತರರು ಒಮ್ಮೆ ಯಜಮಾನ ಸತ್ತ ಮೇಲೆ ಅನ್ನ ನೀರು ಬಿಟ್ಟ ಮುಧೋಳ ನಾಯಿಯ ಕಥೆ ಹೇಳಿದರು. ನಾನೂ ಸ್ಟುಡಿಯೋ ಅಣ್ಣನೂ ಕಣ್ಣೊರೆಸಿಕೊಂಡೆವು. ವಕೀಲರು ಮಾತ್ರ, ಅಳುವ ಕೆಲಸವನ್ನೆಲ್ಲ ನಾಯಿಗೇ ಒಪ್ಪಿಸಿಬಿಟ್ಟಿದ್ದೀರಿ, ಮನೆಯ ಮನುಷ್ಯರು ಏನು ಮಾಡುತ್ತಿದ್ದಾರೆ ಎಂದು ಕೇಳಿದರು. ಮಾಸ್ತರರು ಎರಡು ಭಾನುವಾರ ಬರಲಿಲ್ಲ. ಮೂರನೆಯ ಭಾನುವಾರ ಬಂದಾಗ ಅವರ ಕಥೆಯಲ್ಲಿ ನಾಯಿ ಹಿಂದೆ ಸರಿದು, ಆಸ್ತಿಗಾಗಿ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರು ಮುಂದೆ ಬಂದಿದ್ದರು. ಕಥೆ ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು. ಬೇರೆಯವರ ಕಥೆಯಲ್ಲಿ ಇದೆಲ್ಲ ನೋಡಲು ನನಗೆ ಬಹಳ ಖುಷಿಯಾಗುತ್ತಿತ್ತು. ನಾನೂ ಧೈರ್ಯವಾಗಿ ಹೇಳುತ್ತಿದ್ದೆ, ಇಲ್ಲಿ ಉದ್ದವಾಯಿತು, ಇಲ್ಲಿ ನಂಬಿಕೆ ಬರಲಿಲ್ಲ, ಇದನ್ನು ತೆಗೆದುಬಿಡಿ ಎಂದು.

ನನ್ನ ಸರದಿ ಬಂದಾಗ ನಮ್ಮ ಮನೆಯ ಕಥೆಯೊಂದನ್ನು ಆರಿಸಿಕೊಂಡೆ. ನಮ್ಮ ಮನೆಯದೆಂದು ಹೇಳಲಿಲ್ಲ, 'ಒಬ್ಬ ಹೆಣ್ಣುಮಗಳು' ಎಂದೇ ಹೇಳಿದೆ.

ಅದು ನಮ್ಮ ಮನೆತನದಲ್ಲಿ ನಗುವುದಕ್ಕೆಂದೇ ಇದ್ದ ಕಥೆ. ನಮ್ಮದು ಬೀಳಗಿ ತಾಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು. ಆಲಮಟ್ಟಿಯ ಹಿನ್ನೀರು ಏರುತ್ತ ಬಂದ ವರ್ಷ ಊರಿಗೆ ಊರೇ ಗಂಟುಮೂಟೆ ಕಟ್ಟಿ ದಿಬ್ಬದ ಮೇಲಿನ ಹೊಸ ಊರಿಗೆ ಹೊರಟಿತು. ನಾನಾಗ ಮೂರನೆಯ ಇಯತ್ತೆ, ನನ್ನ ತಮ್ಮ ಇನ್ನೂ ಸಾಲಿಗೆ ಸೇರಿರಲಿಲ್ಲ. ನಮ್ಮ ಮನೆಯ ಕೊನೆಯ ಸಾಮಾನು ತುಂಬಿದ ಟ್ರ್ಯಾಕ್ಟರು ಊರ ಹೊರಗೆ ಬಂದು, ಯಾವುದೋ ರಿಪೇರಿಗೆಂದು ನಿಂತಿತ್ತು. ಸಾಮಾನಿನ ಮೇಲೆ ನಾನು, ತಮ್ಮ, ಅಪ್ಪನ ಅವ್ವ ಕೂತಿದ್ದೆವು. ಆಗ ನಮ್ಮವ್ವ ತಟ್ಟನೆ ಇಳಿದು, ಬೀಸುವ ಕಲ್ಲು ಬಿಟ್ಟು ಬಂದೀನಿ, ತರ್ತೀನಿ ಎಂದು ಊರಿನ ಕಡೆಗೆ ಹೊರಳಿ ನಡೆದಳು. ಟ್ರ್ಯಾಕ್ಟರು ರಿಪೇರಿಯಾಯಿತು, ಅವ್ವ ಬರಲಿಲ್ಲ. ಅಪ್ಪ ಹುಡುಕಿಕೊಂಡು ಹೋದ. ಹೊತ್ತು ಇಳಿಯುವಾಗ ಇಬ್ಬರೂ ಬಂದರು. ಅವ್ವನ ಸೀರೆ ಸೊಂಟದ ತನಕ ಒದ್ದೆ, ಕೈ ಬರಿದು. ಕಲ್ಲೆಲ್ಲಿ ಎಂದು ಅಜ್ಜಿ ಕೇಳಿದರೆ ಅಪ್ಪ, "ಕಲ್ಲು ಬರೂದಿಲ್ಲ ಅಂತಂತ" ಎಂದ. ಆಮೇಲೆ ಎಷ್ಟೋ ವರ್ಷ ಯಾವ ಮದುವೆ, ಯಾವ ಸೀಮಂತದಲ್ಲಿ ನಮ್ಮವರು ಕೂಡಿದರೂ ಅಪ್ಪ ಇದನ್ನು ಹೇಳಿಯೇ ತೀರುತ್ತಿದ್ದ. ಕಲ್ಲಿಗೂ ಅವ್ವನಿಗೂ ನಡುವೆ ನಡೆದ ಮಾತುಕತೆಯನ್ನು ಅಭಿನಯಿಸಿ ತೋರಿಸುತ್ತಿದ್ದ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗುತ್ತಿದ್ದಳು. ಅವಳೂ ನಗುತ್ತಿದ್ದಾಳೆಂದೇ ನಾವು ತಿಳಿದಿದ್ದೆವು.

ನಾನು ಅದನ್ನು ಚೆನ್ನಾಗಿಯೇ ಹೇಳಿದೆ. ಸ್ಟುಡಿಯೋ ಅಣ್ಣ ನಕ್ಕರು. ಮಾಸ್ತರರು ಬಹಳ ಛಲೋ ಐತಿ, ಮುಳುಗುವ ಊರಿನ ಮ್ಯಾಲೆ ಎಲ್ಲಾರೂ ಅಳಸ್ತಾರ, ನೀವು ನಗಿಸೀರಿ ಎಂದರು. ಕಲ್ಲನ್ನು ಎಲ್ಲಿಟ್ಟು ಹೇಗೆ ಚಿತ್ರ ತೆಗೆಯಬೇಕೆಂದು ಅವರಿಬ್ಬರೂ ಅಲ್ಲೇ ಮಾತಾಡಿಕೊಳ್ಳತೊಡಗಿದರು. ನಾನು ಚಹಾ ಕುಡಿಯುತ್ತ ವಕೀಲರ ಮಾತಿಗೆ ಕಾಯುತ್ತಿದ್ದೆ. ಅವರೂ ನಗುತ್ತಾರೆಂದೇ ಇದ್ದೆ.

"ನಾ ಇದನ್ನ ನಂಬಂಗಿಲ್ಲ ಟೀಚರ" ಎಂದರು ಅವರು.

ಆಮೇಲೆ ಒಂದೊಂದೇ ಕೇಳುತ್ತ ಹೋದರು. ಬೀಸುವ ಕಲ್ಲಿಗೆ ಎರಡು ಹೋಳು. ಒಬ್ಬ ಹೆಣ್ಣುಮಗಳು ನೀರಲ್ಲಿ ನಡೆದು ಅದನ್ನು ಹೊತ್ತು ತರುವುದು ಆಗದ ಮಾತು, ದಿನಾ ಬೀಸುವವಳಿಗೆ ಅದು ಯಾರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಗಂಡಸರನ್ನು ಕರೆಯದೆ ಒಬ್ಬಳೇ ಯಾಕೆ ಹೋದಳು? ಎರಡು ಸಣ್ಣ ಮಕ್ಕಳನ್ನು ಸಾಮಾನಿನ ಮೇಲೆ ಕೂರಿಸಿ ಹೋದವಳು ಅಷ್ಟು ಹೊತ್ತು ಎಲ್ಲಿದ್ದಳು? ಬರಿಗೈಯಲ್ಲಿ ಬಂದರೂ ಮನೆಯಲ್ಲಿ ಒಬ್ಬರಾದರೂ ಯಾಕೆ ಗದರಿ ಕೇಳಲಿಲ್ಲ?

"ನಗೂದು ಮ್ಯಾಲೆ ಮ್ಯಾಲೆ ಐತ್ರಿ. ಆಕಿ ಕಲ್ಲಿಗೆ ಹೋಗಿಲ್ಲ. ಯಾತಕ್ಕ ಹೋಗಿದ್ಲು ಅನ್ನೂದನ್ನ ಹುಡುಕ್ರಿ, ಅದ ನಿಮ್ಮ ಪಿಚ್ಚರು."

ನಿಯಮದ ಪ್ರಕಾರ ನಾನು ಸುಮ್ಮನಿರಬೇಕಿತ್ತು. ಸುಮ್ಮನಿದ್ದೆ.  ಇದು ಕಟ್ಟಿದ ಕಥೆಯಲ್ಲ, ಖರೇ ನಡೆದದ್ದು, ನಾನೇ ಆ ಟ್ರ್ಯಾಕ್ಟರಿನ ಮೇಲೆ ಕೂತಿದ್ದೆ ಎಂದು ಹೇಳಿಬಿಟ್ಟರೆ ಅವರ ಬಾಯಿ ಮುಚ್ಚುತ್ತದೆಂದು ಅನಿಸಿತ್ತು. ಜಮಖಂಡಿಯ ಬಸ್ಸು ಹತ್ತಿದ ಮೇಲೂ ಮನಸ್ಸಿನಲ್ಲಿ ಅವರ ಜೊತೆ ವಾದ ಮಾಡುತ್ತಲೇ ಇದ್ದೆ. ವಾದ ಮಾಡುತ್ತ ಮಾಡುತ್ತ, ದಾರಿಯಲ್ಲಿ ಎಲ್ಲೋ ಒಂದು ಕಡೆ, ಅವರ ಒಂದು ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇಲ್ಲವೆಂದು ಗೊತ್ತಾಯಿತು. ನಾನು ಟ್ರ್ಯಾಕ್ಟರಿನ ಮೇಲೆ ಕೂತಿದ್ದು ನಿಜ. ಅವ್ವ ಬೆನ್ನು ತಿರುಗಿಸಿ ಹೋದದ್ದನ್ನು ನೋಡಿದ್ದೂ ನಿಜ. ಅವಳು ಮರಳಿ ಬರುವ ತನಕ ನಡೆದದ್ದನ್ನೆಲ್ಲ ನಾನು ಅಪ್ಪನ ಬಾಯಲ್ಲಿ ಕೇಳಿದ್ದೆ, ಅಷ್ಟೇ.

ಮನೆಗೆ ಬಂದಾಗ ಅವ್ವ ಜೋಳ ಹಸನು ಮಾಡುತ್ತ ಪಡಸಾಲೆಯಲ್ಲಿ ಕೂತಿದ್ದಳು. ಬಿಸಿಲು ಬಾಗಿಲೊಳಗೆ ಅರ್ಧ ಬಂದಿತ್ತು. ನಾನೂ ಮೊರದ ಈಚೆ ಕೂತು, ಸಣ್ಣ ಹರಳು ಆರಿಸುತ್ತ, ಇವತ್ತು ನಿನ್ನ ಕಲ್ಲಿನ ಕತಿ ಹೇಳಿದೆ ಎಂದೆ. ಯಾರು ಏನಂದರೆಂದು ಕೇಳಿದಳು. ಇಬ್ಬರು ನಕ್ಕರು, ಒಬ್ಬರು ನಂಬಲಿಲ್ಲ ಎಂದು ವಕೀಲರ ಪ್ರಶ್ನೆಗಳನ್ನೆಲ್ಲ ಒಪ್ಪಿಸಿದೆ. ದೂರು ಹೇಳುವ ದನಿಯಲ್ಲೇ ಹೇಳಿದೆ. ಅವ್ವ ನನ್ನ ಪರ ವಹಿಸಿ, ಆ ವಕೀಲ ಬಾಯಾರಿಗೇನು ಗೊತ್ತು ಅನ್ನುತ್ತಾಳೆಂದು ಕಾಯುತ್ತಿದ್ದೆ.

ಅವ್ವ ಕೈಯಾಡಿಸುವುದನ್ನು ನಿಲ್ಲಿಸಿರಲಿಲ್ಲ. "ಶಾಣ್ಯಾಕಿ ಅದಾಳ" ಎಂದಳು.

ನನಗೆ ಅರ್ಥವಾಗಲಿಲ್ಲ. ಅಂದ್ರ, ಎಂದೆ.

"ನಾ ಕಲ್ಲಿಗೆ ಹೋಗಿದ್ದಿಲ್ಲ ಯವ್ವಾ. ನಿಮ್ಮನ್ನ ಬಿಟ್ಟ ಹೋಗಿದ್ದೆ."

ಅವಳು ಅದನ್ನು ಹೇಳಿದ ರೀತಿ ಇಂದಿಗೂ ನನ್ನ ಕಿವಿಯಲ್ಲಿದೆ. ಉಪ್ಪು ಮುಗೀತು ಎಂದು ಹೇಳುವ ಹಾಗೆ. ನಾನು ಮೊರದಲ್ಲಿ ಇಟ್ಟ ಕೈ ಹಾಗೇ ಇತ್ತು. ಅವ್ವ ನನ್ನ ಕೈಯ ಸುತ್ತಲಿನ ಜೋಳವನ್ನು ಬದಿಗೆ ಸರಿಸಿ ತನ್ನ ಕೆಲಸ ಮುಂದುವರಿಸಿದಳು. ಆಮೇಲೆ ಒಂದೊಂದಾಗಿ ಹೇಳಿದಳು. ಕೇಳಿದಷ್ಟೇ ಹೇಳುವುದು.

ಆ ದಿನ ಬೆಳಿಗ್ಗೆ ಸಾಮಾನು ಹೇರುವಾಗ ಅವಳ ಟ್ರಂಕಿಗೆ ಟ್ರ್ಯಾಕ್ಟರಿನಲ್ಲಿ ಜಾಗವಿರಲಿಲ್ಲ. ತವರಿನಿಂದ ತಂದ ಒಂದೇ ಒಂದು ಟ್ರಂಕು. ಎತ್ತಿನ ನೊಗ, ಬಾಗಿಲು, ತೊಲೆ, ಒಡೆದ ಗಡಿಗೆ ಕೂಡ ಏರಿದವು. ಅಜ್ಜಿ ಅದನ್ನು ಕೆಳಗಿಳಿಸಿ, ಆಮ್ಯಾಲೆ ನೋಡೋಣ ಎಂದಳು. ಅಪ್ಪ ಅಲ್ಲೇ ಹಗ್ಗ ಬಿಗಿಯುತ್ತಿದ್ದ. ಕೇಳಿಸಿದರೂ ಏನೂ ಅನ್ನಲಿಲ್ಲ. ಬೈಗುಳ ಇಲ್ಲ, ಹೊಡೆತ ಇಲ್ಲ, ಇಷ್ಟೇ. ಟ್ರ್ಯಾಕ್ಟರು ಊರ ಹೊರಗೆ ನಿಂತಾಗ ಅವಳು ಹೊಳೆಯ ಕಡೆಗೆ ನೋಡಿದಳು. ದೋಣಿ ಇನ್ನೂ ಇತ್ತು. ಆಚೆ ದಂಡೆಯಲ್ಲಿ ಅವಳ ತವರು. ನೀರು ಇನ್ನಷ್ಟು ಏರಿದರೆ ದೋಣಿ ನಿಲ್ಲುತ್ತದೆ, ಆಮೇಲೆ ಎಷ್ಟು ಸುತ್ತಿ ಹೋಗಬೇಕೋ ಎಂದು ಎಲ್ಲರೂ ಮಾತಾಡುತ್ತಿದ್ದರು. ಅವಳು ಇಳಿದಳು. ಬಾಯಿಗೆ ಬಂದ ಮೊದಲ ಸುಳ್ಳು ಬೀಸುವ ಕಲ್ಲು.

ನಾನು ಕೇಳಿದೆ, ನಾವು? ನಾನು, ತಮ್ಮ?

ಅವ್ವ ಮೊರವನ್ನು ಒಮ್ಮೆ ಕೇರಿದಳು. ನೀವು ಅವರ ಮಕ್ಕಳು, ಅವರು ನೋಡ್ಕೊತಾರ ಅನಿಸಿತು ಎಂದಳು.

ಹಾಗಾದರೆ ಯಾಕೆ ಬಂದೆ ಎಂದೆ. ಈ ಪ್ರಶ್ನೆಗೆ ಬರಬೇಕಾದ ಉತ್ತರ ನನಗೆ ಗೊತ್ತಿತ್ತು. ನಿಮ್ಮ ಮುಖ ಕಣ್ಣ ಮುಂದೆ ಬಂತು ಎನ್ನುತ್ತಾಳೆ. ಅದನ್ನೊಂದು ಹೇಳಿಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಅವ್ವ ಹೇಳಿದಳು. ದೋಣಿಯಿಂದ ಇಳಿದು ನಡೆದು ಹೋದರೆ ತವರಿನ ಮನೆ ಇರಲಿಲ್ಲ. ಗೋಡೆಗಳಿದ್ದವು. ತಲೆಯ ಮೇಲೆ ಮಾಳಿಗೆ ಇರಲಿಲ್ಲ, ಬಾಗಿಲು ಇರಲಿಲ್ಲ. ತೊಲೆ, ಜಂತಿ, ಚೌಕಟ್ಟು ಎಲ್ಲ ಬಿಚ್ಚಿಕೊಂಡು ಅವಳ ಅಣ್ಣಂದಿರು ಹೋಗಿಬಿಟ್ಟಿದ್ದರು. ಓಣಿ ಪೂರ್ತಿ ಹಾಗೆಯೇ. ಹೋಗುತ್ತೇವೆಂದು ಅವಳಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಅಡುಗೆಮನೆಯಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತಳು. ಮೇಲೆ ಆಕಾಶ ಕಾಣುತ್ತಿತ್ತು.

"ಹೋಗಾಕ ಎಲ್ಲೂ ಇದ್ದಿದ್ದಿಲ್ಲ. ಅದಕ್ಕ ಬಂದೆ."

ಮನೆ ಇದ್ದಿದ್ದರೆ ಎಂದು ಕೇಳಿದೆ. 

"ಗೊತ್ತಿಲ್ಲ" ಎಂದಳು ಅವ್ವ.

ನಾನು ಎದ್ದು ಒಳಗೆ ಹೋದೆ. ನೀರು ಕುಡಿಯಲೆಂದು ಹೋದವಳು ಕೊಡದ ಮುಂದೆ ಲೋಟ ಹಿಡಿದು ನಿಂತೇ ಇದ್ದೆ. ಮೂವತ್ತು ಸಮೀಪಿಸಿದ ಹೆಣ್ಣು ನಾನು, ಮಕ್ಕಳಿಗೆ ಪಾಠ ಹೇಳುವವಳು. ಆದರೂ ಮೂರನೆಯ ಇಯತ್ತೆಯ ಹುಡುಗಿ ಆ ಟ್ರ್ಯಾಕ್ಟರಿನ ಮೇಲೆ ಕೂತು, ಅವ್ವ ಈಗ ಬರ್ತಾಳ, ಕಲ್ಲು ತರ್ತಾಳ ಎಂದು ತಮ್ಮನಿಗೆ ಸಮಾಧಾನ ಹೇಳಿದ್ದು ನೆನಪಾಯಿತು. ಅವಳು ಬರುವವಳೇ ಆಗಿರಲಿಲ್ಲ.

ಮತ್ತೆ ಹೊರಗೆ ಬಂದು ಕೇಳಿದೆ, ಅಪ್ಪನಿಗೆ ಗೊತ್ತಿತ್ತೇನು?

ಗೊತ್ತಿತ್ತು. ಅವಳು ಮರಳಿ ದೋಣಿ ಇಳಿಯುವಾಗ ಅಪ್ಪ ದಂಡೆಯಲ್ಲಿ ನಿಂತಿದ್ದ. ಇಳಿಯುವ ಜಾಗದಲ್ಲಿ ನೀರು ಸೊಂಟದ ತನಕ ಬಂದಿತ್ತು. ಕೈ ಹಿಡಿದು ದಾಟಿಸಿದ. ಎಲ್ಲಿಗೆ ಹೋಗಿದ್ದಿ ಎಂದು ಕೇಳಲಿಲ್ಲ. ಟ್ರ್ಯಾಕ್ಟರಿನ ಹತ್ತಿರ ಬರುವ ತನಕ ಒಂದು ಮಾತಿಲ್ಲ. ಕಲ್ಲೆಲ್ಲಿ ಎಂದು ಅಜ್ಜಿ ಕೇಳಿದ ಕೂಡಲೇ ಅವನೇ ಮುಂದಾಗಿ ಕಲ್ಲಿನ ಮಾತು ಹೇಳಿ ನಗಿಸಿಬಿಟ್ಟ. ಆಮೇಲೆ ಯಾರಿಗಾದರೂ ಸಂಶಯ ಬಂದೀತು ಅನಿಸಿದಾಗಲೆಲ್ಲ ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳುತ್ತಿದ್ದ. ಸಾಯುವ ತನಕ ಇಬ್ಬರೂ ಅದರ ಬಗ್ಗೆ ಒಮ್ಮೆಯೂ ಮಾತಾಡಲಿಲ್ಲವಂತೆ.

ನಮ್ಮಪ್ಪ ಮಾತಿನ ಮಲ್ಲ, ಕೂಡಿದವರನ್ನು ನಗಿಸುವವ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ಹಾಗೇ ತಿಳಿದಿದ್ದೆ. ಅವನು ಆ ಕಥೆಯನ್ನು ಯಾಕೆ ಅಷ್ಟು ಸಲ ಹೇಳಿದನೆಂದು ಈಗ ಗೊತ್ತಾದಾಗ, ಅವನ ಮುಖವನ್ನು ನೆನಪಿಗೆ ತಂದುಕೊಳ್ಳುವುದೂ ಆ ಕ್ಷಣಕ್ಕೆ ನನ್ನಿಂದಾಗಲಿಲ್ಲ. ಮನೆಯ ಇಬ್ಬರೂ ಒಂದೇ ದಿನದಲ್ಲಿ ನನಗೆ ಅಪರಿಚಿತರಾದರು.

ಆ ವಾರ ಸಾಲಿಯಲ್ಲಿ ಏನು ಕಲಿಸಿದೆನೋ ನೆನಪಿಲ್ಲ. ಬೋರ್ಡಿನ ಮೇಲೆ ಅರ್ಧ ವಾಕ್ಯ ಬರೆದು ನಿಂತುಬಿಡುತ್ತಿದ್ದೆ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನು ನೋಡುತ್ತ ಕೂಡುತ್ತಿದ್ದೆ. ಅದೇ ಕೈ, ಅದೇ ಸದ್ದು. ನನ್ನನ್ನು ಬಿಟ್ಟು ಹೋದ ಹೆಣ್ಣುಮಗಳು ನನಗೆ ಬಿಸಿ ರೊಟ್ಟಿ ಹಾಕುತ್ತಿದ್ದಾಳೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. 

ಶನಿವಾರ ನಾನೇ ಕೇಳಿದೆ, ಇದನ್ನು ಅಲ್ಲಿ ಹೇಳಲೇ ಎಂದು. ಹೇಳು ಎಂದಳು. ಕಲ್ಲಿನ ಕತಿ ಇಷ್ಟು ವರ್ಷ ಹೇಳಿದಿರಿ, ಯಾರು ಬೇಡ ಅಂದರು ಎಂದಳು. ಆಮೇಲೆ, ನಾನೂ ಬರುತ್ತೇನೆ, ನೀ ಹೇಗೆ ಹೇಳುತ್ತೀ ಕೇಳಬೇಕು ಎಂದಳು.

ಹಾಗೆ ಮರುದಿನ ಅವ್ವ ಆ ಕಡಿದಾದ ಮೆಟ್ಟಿಲು ಹತ್ತಿ ಬಂದಳು. ನಮ್ಮವ್ವ ಎಂದಷ್ಟೇ ಪರಿಚಯ ಹೇಳಿದೆ. ಬೇರೆ ಒಳ್ಳೆಯ ಕುರ್ಚಿ ಇರಲಿಲ್ಲವಾದ್ದರಿಂದ ಸ್ಟುಡಿಯೋ ಅಣ್ಣ ಅವಳನ್ನು ಮದುಮಕ್ಕಳ ಕೆಂಪು ಕುರ್ಚಿಯಲ್ಲಿ ಕೂರಿಸಿದರು. ಅವಳು ಅದರ ತುದಿಯಲ್ಲಿ, ಕೈ ಮಡಿಲಲ್ಲಿಟ್ಟು ಕೂತಳು.

ನಾನು ಹೇಳಿದೆ. ಈ ಸಲವೂ 'ಒಬ್ಬ ಹೆಣ್ಣುಮಗಳು' ಎಂದೇ ಹೇಳಿದೆ. ಟ್ರಂಕು, ಟ್ರ್ಯಾಕ್ಟರು, ಕಲ್ಲಿನ ನೆಪ. ದೋಣಿಯಲ್ಲಿ ಅವಳು ಹಿಂದೆ ತಿರುಗಿ ದಂಡೆಯನ್ನು ನೋಡುತ್ತ ಅಳುವುದು. ಮಾಳಿಗೆಯಿಲ್ಲದ ಮನೆ. ಮರಳಿ ಬರುವುದು. ದಂಡೆಯಲ್ಲಿ ನಿಂತ ಗಂಡ, ಅವನು ಹೇಳುವ ಸುಳ್ಳು. ಅವ್ವನ ಕಡೆಗೆ ನೋಡದೆ ಗೋಡೆಯ ಜಲಪಾತವನ್ನು ನೋಡುತ್ತ ಹೇಳಿದೆ. ಮುಗಿಸಿ, ನಿಯಮದಂತೆ ಬಾಯಿ ಮುಚ್ಚಿದೆ.

ಸ್ಟುಡಿಯೋ ಅಣ್ಣ ಮೊದಲು ಮಾತಾಡಿದರು. ಗಂಡ ಹೇಳುವ ಸುಳ್ಳು ತಮ್ಮನ್ನು ಅಲುಗಾಡಿಸಿತೆಂದರು. ಆದರೆ ನೋಡುವವರು ಈ ಹೆಂಗಸನ್ನು ಕ್ಷಮಿಸುವುದಿಲ್ಲ. ಹೊಳೆಯ ನಡುವೆ ಅವಳಿಗೆ ಮಕ್ಕಳ ಅಳು ಕೇಳಿಸಿದಂತಾಗಿ ದೋಣಿ ತಿರುಗಿಸು ಎನ್ನಲಿ, ಅಲ್ಲೇ ಮುಗಿಸೋಣ ಎಂದರು. ಮಾಸ್ತರರು ಅದಕ್ಕೆ ತಲೆದೂಗಿದರು.

"ತಾಯಿ ಆದಾಕಿ ಹಿಂಗ ಮಾಡಂಗಿಲ್ರಿ ಟೀಚರ. ಮಕ್ಕಳ ಸಲುವಾಗಿ ಹೊಳ್ಳಿ ಬಂದ್ಲು ಅಂತ ಮಾಡ್ರಿ, ಕತಿ ಎತ್ತರಕ್ಕ ಹೋಗತೈತಿ" ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನೂ ಹೊರಗಿನವಳಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ಅವ್ವನ ಬಾಯಿಂದ ನಾನು ಬಯಸಿದ್ದೂ ಅದೇ ಕೊನೆಯಲ್ಲವೇ. ಆದರೆ ಆ ಮಾತು ಕೆಂಪು ಕುರ್ಚಿಯಲ್ಲಿ ಕೂತವಳ ಎದುರಿಗೆ ಬಿದ್ದಾಗ ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಉತ್ತರ ಕೊಡುವಂತಿರಲಿಲ್ಲ. 

ವಕೀಲರ ಸರದಿ. ಅವರು ಅಷ್ಟು ಹೊತ್ತೂ ನನ್ನನ್ನು ನೋಡುತ್ತಿರಲಿಲ್ಲ, ಅವ್ವನನ್ನು ನೋಡುತ್ತಿದ್ದರು. ಅವರಿಗೆ ಹೊಳೆದಿತ್ತೆಂದು ಕಾಣುತ್ತದೆ. ನನ್ನದು ಆಮೇಲೆ ಹೇಳ್ತೀನಿ, ಮೊದಲು ಅವ್ವಾರು ಏನಂತಾರ ಕೇಳೋಣ ಎಂದರು.

ಅವ್ವ ನಾಚಲಿಲ್ಲ. ಬಹಳ ಹೊತ್ತಿನಿಂದ ತನ್ನ ಸರದಿಗೆ ಕಾಯುತ್ತಿದ್ದವಳ ಹಾಗೆ ನೇರ ನನಗೇ ಹೇಳಿದಳು.

"ದೋಣ್ಯಾಗ ಆಕಿ ಅತ್ಲು ಅಂದಿ. ನಾ ಅತ್ತಿದ್ದಿಲ್ಲ. ಖುಷೀಲೆ ಕುಂತಿದ್ದೆ."

'ನಾ' ಎಂಬ ಆ ಒಂದು ಅಕ್ಷರಕ್ಕೆ ಕೋಣೆ ಹೆಪ್ಪುಗಟ್ಟಿತು. ಮಾಸ್ತರರು ಬಸಿಯಲ್ಲಿ ಸುರುವಿಕೊಂಡ ಚಹಾವನ್ನು ತುಟಿಯ ತನಕ ತಂದವರು ಹಾಗೇ ಹಿಡಿದರು, ಅದು ಅವರ ಧೋತರದ ಮೇಲೆ ತೊಟ್ಟಿಕ್ಕಿತು. ಸ್ಟುಡಿಯೋ ಅಣ್ಣ ಎದ್ದು ನಿಂತು, ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತರು. ಅವರಿಬ್ಬರಿಗೂ ಆದ ಆಘಾತ ನನಗೆ ಕಾಣುತ್ತಿತ್ತು. ನನ್ನದು ಅವರಿಗೆ ಕಾಣುತ್ತಿತ್ತೋ ಇಲ್ಲವೋ. ಬಿಟ್ಟು ಹೋದದ್ದನ್ನು ಒಂದು ವಾರದಲ್ಲಿ ಹೇಗೋ ನುಂಗಿಕೊಂಡಿದ್ದೆ. ಅಳುತ್ತ ಹೋಗಿರುತ್ತಾಳೆ, ಎದೆ ಒಡೆದುಕೊಂಡು ಹೋಗಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ನುಂಗಿದ್ದೆ. ಅವಳು ಖುಷಿಯಿಂದ ಹೋಗಿದ್ದಳು.

ಅವ್ವ ಮುಂದುವರಿಸಿದಳು. ದೋಣಿಯಲ್ಲಿ ಅಂಬಿಗನನ್ನು ಬಿಟ್ಟರೆ ತಾನೊಬ್ಬಳೇ ಇದ್ದದ್ದು, ತಂಗಾಳಿ ಬೀಸುತ್ತಿದ್ದದ್ದು, ಮದುವೆಯಾಗಿ ಬಂದ ಮೇಲೆ ಯಾರಿಗೂ ಏನೂ ಮಾಡಿ ಹಾಕದೆ ಸುಮ್ಮನೆ ಕೂತದ್ದು ಅದೇ ಮೊದಲು ಎಂದು ತನಗೆ ಅನಿಸಿದ್ದು. ಕಾಲು ನೀರಿಗೆ ಇಳಿಬಿಟ್ಟಿದ್ದೆ, ಅಂಬಿಗ ಬೈದ ಎಂದು ಹೇಳಿ ಸ್ವಲ್ಪ ನಕ್ಕಳು.

ಮಾಸ್ತರರು ಬಸಿ ಕೆಳಗಿಟ್ಟು, ಎದ್ದು, ಅವ್ವನ ಮುಂದೆ ಬಂದು ಕೈ ಮುಗಿದರು. ತಪ್ಪು ಮಾತಾಡಿದೆ ತಾಯಿ ಎಂದರು. ಅವ್ವ, ನೀವೇನು ಮಾಡ್ತೀರಿ, ಎಲ್ಲಾರೂ ಹಂಗ ಅಂತಾರ ಎಂದಳು. ವಕೀಲರು ಕಡೆಗೂ ತಮ್ಮ ಅಭಿಪ್ರಾಯವೆಂದು ಏನೂ ಹೇಳಲಿಲ್ಲ. ಅವ್ವನ ತೋಳು ಹಿಡಿದು ಮೆಟ್ಟಿಲು ಇಳಿಸಿ, ಬಸ್‌ಸ್ಟ್ಯಾಂಡಿನ ತನಕ ನಡೆದು ಬಂದರು. ಹೆಂಗಸರಿಬ್ಬರೂ ದಾರಿಯಲ್ಲಿ ರಬಕವಿ ಸೀರೆಯ ಅಂಚಿನ ಬಗ್ಗೆ ಮಾತಾಡಿಕೊಂಡರು. ನಾನು ಹಿಂದೆ ಹಿಂದೆ ನಡೆದೆ.

ಚಿತ್ರ ಮಾಡಿದೆವು. ಮುಂದಿನ ಬೇಸಿಗೆಯಲ್ಲಿ, ಹಿನ್ನೀರು ಹಿಂದೆ ಸರಿದು ಬೀಳಗಿಯ ಕಡೆ ಹಳೆಯ ಊರುಗಳ ಗೋಡೆಯ ಬುಡಗಳು ಕೆಸರಿನಿಂದ ಮೇಲೆದ್ದಾಗ. ಬೇರೆ ಯಾರೂ ಒಪ್ಪದ್ದರಿಂದ ಅವ್ವನ ಪಾತ್ರ ನಾನೇ ಮಾಡಬೇಕಾಯಿತು. ಮೀನುಗಾರರೊಬ್ಬರ ದೋಣಿ ಸಿಕ್ಕಿತು. ಅದರಲ್ಲಿ ಕೂತು ಖುಷಿಯಿಂದಿರುವುದು ನನ್ನಿಂದಾಗುತ್ತಿರಲಿಲ್ಲ. ಮತ್ತೆ ಮತ್ತೆ ತೆಗೆದರು. ದಂಡೆಯ ಮೇಲೆ ಛತ್ರಿ ಹಿಡಿದು ನಿಂತಿದ್ದ ಅವ್ವ, ನಗಬ್ಯಾಡ, ಸುಮ್ಮನ ಕೂಡು, ನೀರು ನೋಡು ಎಂದು ಕೂಗಿ ಹೇಳಿದಳು. ನಾನು ನೀರು ನೋಡುತ್ತ ಕೂತೆ. ಬಿಸಿಲಿಗೆ ಅದು ಹೊಳೆಯುತ್ತಿತ್ತು. ಒಂದು ಗಳಿಗೆ, ನನಗೆ ಮಕ್ಕಳಿಲ್ಲ, ಮನೆಯಿಲ್ಲ, ಯಾರೂ ಕರೆಯುತ್ತಿಲ್ಲ ಅನಿಸಿ ಮೈ ಹಗುರಾಯಿತು. ಆ ಹಗುರಕ್ಕೇ ಗಾಬರಿಯಾಗಿ ದೋಣಿಯ ಅಂಚು ಹಿಡಿದುಕೊಂಡೆ. ಚಿತ್ರದಲ್ಲಿ ಉಳಿದದ್ದು ಅದೇ.

ಜಮಖಂಡಿಯ ಒಂದು ಸಣ್ಣ ಸಭಾಂಗಣದಲ್ಲಿ ತೋರಿಸಿದೆವು. ಬಂದವರಲ್ಲಿ ಕೆಲವರು ಹೊಗಳಿದರು, ಕೆಲವರು ಕೊನೆ ಬದಲಿಸಬೇಕಿತ್ತೆಂದರು, ಒಬ್ಬ ಹೆಂಗಸು ಏನೂ ಹೇಳದೆ ನನ್ನ ಕೈ ಒತ್ತಿ ಹೋದಳು. ನನ್ನ ತಮ್ಮನೂ ಬಂದಿದ್ದ. ಅವನು ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಅವನಿಗೆ ಮೊದಲೇ ಹೇಳಬೇಕಿತ್ತು. ಹೇಳಲು ಹೋದಾಗಲೆಲ್ಲ ಬಾಯಿ ಬಂದಿರಲಿಲ್ಲ, ಕೊನೆಗೆ ಅವ್ವ ನಾ ಹೇಳ್ತೀನಿ ಎಂದಿದ್ದಳು, ಅವಳೂ ಹೇಳಿರಲಿಲ್ಲ. ದೀಪ ಹತ್ತಿದಾಗ ಅವನ ಕುರ್ಚಿ ಖಾಲಿಯಿತ್ತು.

ಅವನು ಫೋನು ಎತ್ತಲಿಲ್ಲ. ನಾಗರ ಪಂಚಮಿ ಹಬ್ಬಕ್ಕೂ ಬರಲಿಲ್ಲ. ಅವನ ಹೆಂಡತಿ ಮಾತ್ರ ಒಮ್ಮೆ ಫೋನು ಮಾಡಿ, ಜನರ ಮುಂದೆ ಅವ್ವನ ಮಾನ ಕಳೆದಿರೆಂದು ಅವರು ಹೇಳುತ್ತಿದ್ದಾರೆ, ರಾತ್ರಿ ಸರಿಯಾಗಿ ನಿದ್ದೆ ಮಾಡುತ್ತಿಲ್ಲ ಎಂದು ತಿಳಿಸಿದಳು. ನಾನು ಹೋಗಿ ಮಾತಾಡುತ್ತೇನೆಂದರೆ ಅವ್ವ ಬೇಡವೆಂದಳು. ಒಂದು ದಿನ ಬೆಳಿಗ್ಗೆ ತಾನೇ ಮುಧೋಳದ ಬಸ್ಸು ಹತ್ತಿ ಹೋದಳು. ಎರಡು ದಿನ ಅಲ್ಲೇ ಇದ್ದಳು.

ಬಂದ ಮೇಲೆ ಏನಾಯಿತೆಂದು ಕೇಳಿದೆ. ಮೊದಲ ದಿನ ಅವನು ಅವಳಿರುವ ಕೋಣೆಗೇ ಬರಲಿಲ್ಲವಂತೆ. ಮರುದಿನ ಪಾಳಿ ಮುಗಿಸಿ ಬಂದವನು ಸ್ನಾನ ಮಾಡಿ, ಅವಳ ಎದುರು ನೆಲದ ಮೇಲೆ ಕೂತನಂತೆ. ಅವ್ವ ನನಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದಳು, ಏನನ್ನೂ ಬಿಡದೆ, ದೋಣಿಯಲ್ಲಿನ ಖುಷಿಯನ್ನೂ. ಅವನು ತಲೆ ತಗ್ಗಿಸಿ ಕೇಳಿದ. ನನ್ನ ಹಾಗೆ ಯಾಕೆ ಬಂದಿ, ಮನೆ ಇದ್ದಿದ್ದರೆ ಏನು ಮಾಡುತ್ತಿದ್ದಿ ಎಂದೆಲ್ಲ ಕೇಳಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದನಂತೆ.

"ಅವತ್ತ ನೀ ಉಂಡಿದ್ದೀ ಏನು ಯವ್ವಾ?"

ಅದನ್ನು ನನಗೆ ಹೇಳುವಾಗ ಅವ್ವನ ಕಣ್ಣಲ್ಲಿ ನೀರು ಬಂತು. ಈ ಕಥೆ ಹೊರಬಿದ್ದಾಗಿನಿಂದ ಅವಳು ಅತ್ತದ್ದು ಅದೇ ಮೊದಲು. ಉಂಡಿರಲಿಲ್ಲವಂತೆ. ಬುತ್ತಿ ಟ್ರ್ಯಾಕ್ಟರಿನ ಮೇಲೆ ನಮ್ಮ ಹತ್ತಿರವಿತ್ತು. ನಾವು ಅದನ್ನು ಮಧ್ಯಾಹ್ನವೇ ತಿಂದು ಮುಗಿಸಿದ್ದೆವು.